ಮೊದಲ ಎಂಯುಎನ್, ಕೈಯಲ್ಲಿ ಚಿಕ್ಕ ದೇಶ: ತಯಾರಿ ಎಲ್ಲಿಂದ ಶುರು ಮಾಡಬೇಕು?

ವಿಶ್ವವಿದ್ಯಾಲಯವೊಂದರ ಮೂರು ದಿನದ ಮಾದರಿ ವಿಶ್ವಸಂಸ್ಥೆ (ಎಂಯುಎನ್) ಸಮ್ಮೇಳನಕ್ಕೆ, ಅಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಿಶ್ವಸಂಸ್ಥೆಯ ಸಭೆಯಂತೆಯೇ ಚರ್ಚಿಸುವ ಕಡೆಗೆ, ಮೊದಲ ಸಲ ಹೋಗುತ್ತಿದ್ದೀರಿ. ಸಾಮಾನ್ಯ ಸಭೆಯ ಸಮಿತಿ, ವಿಷಯ ಹವಾಮಾನ ಬದಲಾವಣೆ, ಸಿಕ್ಕಿರುವ ದೇಶ ಪೆಸಿಫಿಕ್‌ನ ದ್ವೀಪ ರಾಷ್ಟ್ರ ವನುವಾಟು. ಇಷ್ಟು ಚಿಕ್ಕ ದೇಶದ ಮಾತು ಯಾರು ಕೇಳುತ್ತಾರೆ, ಭಾಷಣ ಹೇಗೆ ಬರೆಯಲಿ ಎನ್ನುವುದು ನಿಮ್ಮ ಪ್ರಶ್ನೆ.

ದೇಶದ ಚಿಂತೆ ಬಿಡಿ. ಹವಾಮಾನದ ಸಮಿತಿಯಲ್ಲಿ ವನುವಾಟು ಸಿಕ್ಕಿರುವುದು ಅದೃಷ್ಟ. ಹವಾಮಾನದ ವಿಷಯದಲ್ಲಿ ರಾಷ್ಟ್ರಗಳ ಹೊಣೆ ಏನು ಎಂದು ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳುವ ನಿರ್ಣಯವನ್ನು ಸಾಮಾನ್ಯ ಸಭೆ 2023ರ ಮಾರ್ಚ್ 29ರಂದು ಮತಕ್ಕೆ ಹಾಕದೆ ಒಮ್ಮತದಿಂದ ಒಪ್ಪಿತು. ಅದರ ಮುಂದಾಳತ್ವ ವನುವಾಟುವಿನದ್ದು. ನಿರ್ಣಯದ ಸಂಖ್ಯೆ 77/276, ಬರೆದಿಟ್ಟುಕೊಳ್ಳಿ. ನ್ಯಾಯಾಲಯ 2025ರ ಜುಲೈನಲ್ಲಿ ಅಭಿಪ್ರಾಯ ಕೊಟ್ಟಿತು. (ಈ ಬೇಡಿಕೆ ಹುಟ್ಟಿದ್ದು 2019ರಲ್ಲಿ, ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳಿಂದ. ಆರಂಭದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಬೇಕಾಗಿಲ್ಲ.)

ಭಾಷಣದ ಮೇಲಿನ ಭಾರವನ್ನು ಮಾತ್ರ ಇಳಿಸಿ. ಲೆಕ್ಕ ಹಾಕಿ ನೋಡಿ: 80 ಡೆಲಿಗೇಟ್‌ಗಳು ತಲಾ 90 ಸೆಕೆಂಡ್ ಮಾತಾಡಿದರೆ ಒಂದು ಸುತ್ತಿಗೇ ಎರಡು ಗಂಟೆ. ನಡುವೆ ಮೋಷನ್‌ಗಳು, ಅಂದರೆ ಸಭೆ ಮುಂದೇನು ಮಾಡಬೇಕೆಂಬ ಕೋರಿಕೆಗಳು, ಬರುತ್ತಲೇ ಇರುತ್ತವೆ. ಭಾಷಣಕಾರರ ಮುಖ್ಯ ಪಟ್ಟಿಯಲ್ಲಿ ನಿಮ್ಮ ಸರದಿ ಒಂದೆರಡು ಸಲ ಬಂದರೆ ದೊಡ್ಡದು. ಸಮಿತಿಯಿಂದ ಕೊನೆಗೆ ಹೊರಬರುವುದು ಕಾಗದ, ಅಂದರೆ ಲಿಖಿತ ನಿರ್ಣಯ. ಅದರಲ್ಲಿ ಎಷ್ಟು ಸಾಲು ನಿಮ್ಮವು ಎನ್ನುವುದೇ ಲೆಕ್ಕಕ್ಕೆ ಬರುತ್ತದೆ.

ಓದುವಾಗ ಮೊದಲು ಸಂಘಟಕರು ಕಳಿಸುವ ಬ್ಯಾಕ್‌ಗ್ರೌಂಡ್ ಗೈಡ್ (ವಿಷಯ ಪರಿಚಯದ ಕೈಪಿಡಿ) ಹಿಡಿಯಿರಿ, ಅದರ ಕೊನೆಯಲ್ಲಿರುವ ಪ್ರಶ್ನೆಗಳಿಂದಲೇ ಶುರು ಮಾಡಿ. ಚೇರ್ (ಸಭೆ ನಡೆಸುವವರು) ಚರ್ಚೆಯನ್ನು ಎಳೆಯುವುದು ಆ ಕಡೆಗೇ. ಆಮೇಲೆ ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ನಿಮ್ಮ ದೇಶ ಹಾಕಿದ ಮತಗಳನ್ನೂ, ಪ್ರತಿ ಸೆಪ್ಟೆಂಬರ್‌ನ ಸಾಮಾನ್ಯ ಚರ್ಚೆಯಲ್ಲಿ ಅದರ ನಾಯಕರು ಮಾಡಿದ ಭಾಷಣವನ್ನೂ ನೋಡಿ. ಪೊಸಿಷನ್ ಪೇಪರ್‌ಗೆ, ಅಂದರೆ ನಿಮ್ಮ ದೇಶದ ನಿಲುವು ಹೇಳುವ ಬರಹಕ್ಕೆ, ಸಾಮಾನ್ಯವಾಗಿ ಒಂದೆರಡು ಪುಟ. ದೇಶದ ಇತಿಹಾಸ, ಭೂಗೋಳ ಎರಡು ಸಾಲು ಸಾಕು. ಅರ್ಧದಷ್ಟಾದರೂ ಜಾಗ ನಿಮ್ಮ ಪ್ರಸ್ತಾವಗಳಿಗೇ ಇರಲಿ. ಗಡುವು ದಾಟಿದರೆ ಹಲವು ಕಡೆ ಪ್ರಶಸ್ತಿಗೆ ಪರಿಗಣಿಸುವುದೇ ಇಲ್ಲ.

ಮಾಡರೇಟೆಡ್ ಕಾಕಸ್ (ಒಂದು ಉಪವಿಷಯದ ಮೇಲೆ ಒಬ್ಬೊಬ್ಬರಾಗಿ ಚುಟುಕಾಗಿ ಮಾತಾಡುವ ಚರ್ಚೆ) ಕೇಳುವಾಗ ಮೂರು ಸಂಗತಿ ಹೇಳಬೇಕು: ಒಟ್ಟು ಸಮಯ, ಒಬ್ಬರಿಗೆ ಎಷ್ಟು, ಯಾವ ವಿಷಯ. ಒಟ್ಟು ಸಮಯ ಸರಿಯಾಗಿ ಭಾಗವಾಗಬೇಕು. 10 ನಿಮಿಷಕ್ಕೆ ತಲಾ 60 ಸೆಕೆಂಡ್ ಸರಿ, ತಲಾ 45 ಎಂದರೆ ಲೆಕ್ಕ ಕೂಡುವುದಿಲ್ಲ, ಚೇರ್ ಅಲ್ಲೇ ತಿದ್ದುತ್ತಾರೆ. ಹೊಸಬರ ಮೋಷನ್ ಬಿದ್ದುಹೋಗುವುದು ಹೆಚ್ಚಾಗಿ ವಿಷಯ ತೀರಾ ಅಗಲವಾಗಿರುವುದರಿಂದ. "ಹವಾಮಾನ ಹಣಕಾಸು" ಎನ್ನಬೇಡಿ. "ನಷ್ಟ ಮತ್ತು ಹಾನಿ ನಿಧಿಯಿಂದ ಸಣ್ಣ ದ್ವೀಪ ರಾಷ್ಟ್ರಗಳಿಗೆ ಬೇಗ ಹಣ ತಲುಪಿಸುವ ಕ್ರಮ" ಎನ್ನಿ. ಅಂದ ಹಾಗೆ, ಹವಾಮಾನದ ಹೊಡೆತಕ್ಕೆ ಸಿಕ್ಕ ದೇಶಗಳಿಗೆ ನೆರವಾಗುವ ಇಂಥ ನಿಧಿಯನ್ನು ಹೊಸದಾಗಿ ಸ್ಥಾಪಿಸೋಣ ಎಂದು ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ಅದಕ್ಕೆ 2022ರಲ್ಲಿ ಈಜಿಪ್ಟ್‌ನ ಶರ್ಮ್ ಎಲ್ ಶೇಖ್‌ನ ಹವಾಮಾನ ಸಮ್ಮೇಳನದಲ್ಲೇ ಒಪ್ಪಿಗೆ ಸಿಕ್ಕಿದೆ. ಮೃದುವಾಗಿ ತಿದ್ದಿ, ಅವರನ್ನು ನಿಮ್ಮ ಗುಂಪಿಗೆ ಸೇರಿಸಿಕೊಳ್ಳಿ.

ನಿಜವಾದ ಕೆಲಸ ಇರುವುದು ಅನ್‌ಮಾಡರೇಟೆಡ್ ಕಾಕಸ್‌ನಲ್ಲಿ. ಎಲ್ಲರೂ ಕುರ್ಚಿ ಬಿಟ್ಟು ಏಳುತ್ತಾರೆ, ದನಿ ದೊಡ್ಡದಿರುವ ಒಬ್ಬರ ಸುತ್ತ ಮೂವತ್ತು ಜನ ಮುತ್ತಿಕೊಳ್ಳುತ್ತಾರೆ. ಅಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ನಿಂತರೆ ನಿಮ್ಮ ಕತೆ ಮುಗಿಯಿತು. ಸಣ್ಣ ದ್ವೀಪ ರಾಷ್ಟ್ರಗಳ ಒಕ್ಕೂಟದ ಐದಾರು ದೇಶಗಳಿಗೆ ಮೊದಲೇ ಚೀಟಿ ಕಳಿಸಿ ಒಂದು ಮೂಲೆ ಗೊತ್ತುಮಾಡಿಕೊಳ್ಳಿ. ನಿರ್ಣಯದ ಕರಡು ಬರೆಯಲು ಲ್ಯಾಪ್‌ಟಾಪ್ ನೀವೇ ತೆರೆಯಿರಿ. ಟೈಪ್ ಮಾಡುವವರ ಪದವೇ ಉಳಿಯುವುದು. ಹಂಚಿಕೊಂಡ ಗೂಗಲ್ ಡಾಕ್‌ನಲ್ಲಿ ತಿದ್ದುವ ಅನುಮತಿ ಎಲ್ಲರಿಗೂ ಕೊಟ್ಟರೆ ಊಟದ ವಿರಾಮದೊಳಗೆ ನೀವು ಬರೆದ ಕಲಮು (ನಿರ್ಣಯದ ಅಂಶ) ಮಾಯವಾಗಿರಬಹುದು, ಆದ್ದರಿಂದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಪೂರ್ತಿ ಕರಡನ್ನು ಮನೆಯಿಂದಲೇ ಬರೆದು ತರುವುದಕ್ಕೆ ಬಹುತೇಕ ಕಡೆ ನಿಷೇಧವಿದೆ. ಎರಡು ಮೂರು ಪ್ರಸ್ತಾವ ತಲೆಯಲ್ಲಿರಲಿ, ವಾಕ್ಯ ಅಲ್ಲೇ ಕಟ್ಟಿ.

ಪ್ರತಿ ಕಲಮಿನಲ್ಲೂ ಯಾರು ಮಾಡುತ್ತಾರೆ, ಯಾವ ಸಂಸ್ಥೆಯ ಮೂಲಕ, ಹಣ ಎಲ್ಲಿಂದ, ಯಾವಾಗ ಯಾರಿಗೆ ವರದಿ ಎನ್ನುವುದಕ್ಕೆ ಉತ್ತರವಿರಲಿ. ಹಣದ ಮೂಲ ಹೇಳದ ಕಲಮನ್ನು ಎದುರಾಳಿ ಒಂದೇ ಪ್ರಶ್ನೆಯಲ್ಲಿ ಕೆಡವುತ್ತಾರೆ. ಕ್ರಿಯಾಪದದ ಮೇಲೂ ಕಣ್ಣಿರಲಿ. ಸಾಮಾನ್ಯ ಸಭೆ ಸದಸ್ಯ ರಾಷ್ಟ್ರಗಳಿಗೆ ಶಿಫಾರಸು ಮಾಡಬಹುದು, ಕೋರಬಹುದು, ಕರೆ ಕೊಡಬಹುದು. ಕಡ್ಡಾಯ ನಿರ್ಬಂಧ ಹೇರುವ ಅಧಿಕಾರ ಭದ್ರತಾ ಮಂಡಳಿಯದ್ದು. ಪೀಠಿಕೆಯ ಸಾಲುಗಳಿಗೆ ಅಲ್ಪವಿರಾಮ, ಏನು ಮಾಡಬೇಕೆಂದು ಹೇಳುವ ಕಾರ್ಯಕಾರಿ ಕಲಮುಗಳಿಗೆ ಅರ್ಧವಿರಾಮ, ಇಡೀ ನಿರ್ಣಯಕ್ಕೆ ಕೊನೆಯಲ್ಲಿ ಒಂದೇ ಪೂರ್ಣವಿರಾಮ. ಕ್ಷುಲ್ಲಕ ಅನ್ನಿಸಬಹುದು, ಆದರೆ ಕರಡು ವಾಪಸ್ ಬರುವುದು ಇಂಥದ್ದಕ್ಕೇ.

ಕರಡಿಗೆ ಸಹಿ ಕೇಳುವಾಗ ಒಂದು ಮಾತು ಬಿಡಿಸಿ ಹೇಳಿ: ಸ್ಪಾನ್ಸರ್ ಅಂದರೆ ಬರೆದು ಬೆಂಬಲಿಸುವವರು; ಸಿಗ್ನೇಟರಿ ಅಂದರೆ ಇದು ಚರ್ಚೆಗೆ ಬರಲಿ ಎನ್ನುವವರು ಅಷ್ಟೇ. ವಿರೋಧಿಸುವವರೂ ಸಿಗ್ನೇಟರಿ ಆಗಬಹುದು. ಇದು ತಿಳಿದರೆ ಹಿಂಜರಿಯುವವರು ಸಹಿ ಹಾಕುತ್ತಾರೆ. ಎಷ್ಟು ಸಹಿ ಬೇಕೆನ್ನುವುದು ಸಮ್ಮೇಳನದಿಂದ ಸಮ್ಮೇಳನಕ್ಕೆ ಬೇರೆ, ನಿಯಮಾವಳಿ ನೋಡಿ. ಎಲ್ಲ ಸ್ಪಾನ್ಸರ್‌ಗಳೂ ಒಪ್ಪಿದ ತಿದ್ದುಪಡಿ ನೇರ ಸೇರುತ್ತದೆ. ಒಬ್ಬರು ಒಪ್ಪದಿದ್ದರೂ ಮತಕ್ಕೆ ಹೋಗುತ್ತದೆ. ಹಾಗಾಗಿ ಸ್ಪಾನ್ಸರ್‌ಗಳು ಕಡಿಮೆಯಿದ್ದಷ್ಟೂ ತಿದ್ದುವುದು ಸಲೀಸು.

ಮತದ ವಿಷಯ ನಿರ್ಧಾರವಾಗುವುದು ಬೆಳಗಿನ ಹಾಜರಿಯಲ್ಲೇ. "ಪ್ರೆಸೆಂಟ್ ಆ್ಯಂಡ್ ವೋಟಿಂಗ್" ಎಂದವರು ನಿರ್ಣಯದ ಮತದಾನದಲ್ಲಿ ತಟಸ್ಥರಾಗುವಂತಿಲ್ಲ. ಬರೀ "ಪ್ರೆಸೆಂಟ್" ಎಂದರೆ ಆ ದಾರಿ ತೆರೆದಿರುತ್ತದೆ, ಮೊದಲ ಸಲಕ್ಕೆ ಅದೇ ಕ್ಷೇಮ. ಸರಳ ಬಹುಮತದಲ್ಲಿ ತಟಸ್ಥ ಮತ ಲೆಕ್ಕಕ್ಕಿಲ್ಲ: 35 ಪರ, 30 ವಿರುದ್ಧ, 15 ತಟಸ್ಥ ಆದರೂ ನಿರ್ಣಯ ಪಾಸ್. ಅಂದರೆ ಒಪ್ಪದವರನ್ನು ಪೂರ್ತಿ ಒಪ್ಪಿಸಬೇಕಾಗಿಲ್ಲ, ತಟಸ್ಥರಾಗಿಸಿದರೂ ಸಾಕು. ಮತದಾನ ಶುರುವಾದರೆ ಬಾಗಿಲು ಹಾಕುತ್ತಾರೆ, ಚೀಟಿ ಓಡಾಡುವುದಿಲ್ಲ, ಹೊರಗಿದ್ದವರು ಹೊರಗೇ. ಚರ್ಚೆ ಮುಗಿಸುವ ಮೋಷನ್ ಬಂದ ತಕ್ಷಣ ನಿಮ್ಮ ಗುಂಪಿನ ತಲೆ ಎಣಿಸಿ, ಕಾಫಿಗೆ ಹೋದವರನ್ನು ಕರೆಸಿಕೊಳ್ಳಿ.