ಮನೆಯಲ್ಲಿ ಮೊದಲ ಡಿಗ್ರಿ, ಮುಂದೆ ಐಎಎಸ್?

ಪ್ರಶ್ನೆ: ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎ. ಕೊನೆಯ ವರ್ಷ, ಕನ್ನಡ ಮಾಧ್ಯಮ. ಐಎಎಸ್ ಆಸೆ ಇದೆ, ದಾರಿ ಹೇಳುವವರಿಲ್ಲ. ಕನ್ನಡದಲ್ಲೇ ಬರೆದು ಪಾಸಾಗಬಹುದಾ?

ಉತ್ತರ: ಖಂಡಿತ. ಮೇನ್ಸ್ (ಎರಡನೇ ಹಂತದ ಮುಖ್ಯ ಪರೀಕ್ಷೆ) ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು, ಬೇಕಿದ್ದರೆ ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ತೊಡಕಿರುವುದು ಅದಕ್ಕೂ ಮುಂಚೆ. ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತವೆ. ‘ಈ ಹೇಳಿಕೆಗಳಲ್ಲಿ ಎಷ್ಟು ಸರಿ?’ ಅಂತ ಕೇಳಿದಾಗ ಒಂದೇ ಒಂದು ಪದ ತಪ್ಪಾಗಿ ಅರ್ಥವಾದರೂ ಉತ್ತರ ತಪ್ಪುತ್ತದೆ, ಜೊತೆಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ ಬೇರೆ. ಎರಡನೇ ಪತ್ರಿಕೆಯಲ್ಲಿ ಶೇ 33 ಬರಲೇಬೇಕು. ಮೇನ್ಸ್‌ನಲ್ಲೂ ಒಂದು ಇಂಗ್ಲಿಷ್ ಪತ್ರಿಕೆ ಇದೆ, ಹೆದರಬೇಡಿ, ಅಲ್ಲಿ ಶೇ 25 ಸಾಕು, ರ‍್ಯಾಂಕಿಗೆ ಸೇರುವುದಿಲ್ಲ. ಹಾಗಾಗಿ ಈಗಿನಿಂದಲೇ ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಸಾರವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಮೇನ್ಸ್‌ಗೂ ಅದೇ ಅಭ್ಯಾಸ ಆಯಿತಲ್ವಾ?

ಕೊನೆಯ ವರ್ಷದಲ್ಲಿದ್ದಾಗಲೇ ಪ್ರಿಲಿಮ್ಸ್ ಬರೆಯಬಹುದು, 21 ತುಂಬಿರಬೇಕು ಅಷ್ಟೆ. ಆದರೆ ‘ಸುಮ್ನೆ ನೋಡೋಣ’ ಅಂತ ಕೂರಬೇಡಿ. ಒಂದು ಪತ್ರಿಕೆ ಬರೆದರೂ ಒಂದು ಅವಕಾಶ ಮುಗಿದಂತೆ, ಸಾಮಾನ್ಯ ವರ್ಗದವರಿಗೆ ಇರುವುದೇ 6. ಡಿಗ್ರಿ ಕೈಗೆ ಬಂದ ಮೇಲೆ ರಾಜ್ಯದ ಆಡಳಿತ ಸೇವೆಯಾದ ಕೆಎಎಸ್‌ಗೂ ಅರ್ಜಿ ಹಾಕಿ, ಅಲ್ಲಿ ಪ್ರಿಲಿಮ್ಸ್ ಪ್ರಶ್ನೆಗಳೂ ಕನ್ನಡದಲ್ಲಿರುತ್ತವೆ.