ನದಿಯ ಎರಡೂ ದಂಡೆಗೆ ಒಂದೇ ಹೆಸರಿನ ಊರು

ಪ್ರಶ್ನೆ: ನನ್ನ ತಂಗಿಯ ಮಗ ಕೆಲಸಕ್ಕೆ ಅಂತ ಫಿನ್‌ಲೆಂಡಿನ ಟೋರ್ನಿಯೋಗೆ ಹೋಗಿದ್ದಾನೆ. ಸ್ವೀಡನ್ ಗಡಿಗೆ ಅಂಟಿಕೊಂಡ ಸಣ್ಣ ಊರಂತೆ. "ದೊಡ್ಡವ್ವ, ಇದೂ ನಮ್ಮ ನಿಪ್ಪಾಣಿ ಇದ್ದಂಗ ಐತಿ" ಅಂತ ಫೋನಿನಲ್ಲಿ ಹೇಳಿದ. ನಮ್ಮನೆಯಲ್ಲಿ ಅಡುಗೆಮನೆಗೆ ಮರಾಠಿ, ಪಡಸಾಲೆಗೆ ಕನ್ನಡ. ಅಲ್ಲಿ ಹೇಗೆ? ಆ ಊರಿನ ಕಥೆ ಹೇಳುತ್ತೀರಾ?
– ಒಬ್ಬ ಓದುಗರು, ನಿಪ್ಪಾಣಿ

ಉತ್ತರ: ಅಕ್ಕಾರೆ, ಹುಡುಗ ಸರಿಯಾಗೇ ಹೇಳಿದ್ದಾನೆ. ನಾನು ಬೆಳಗಾವಿಯವನು. ಕೊಗನೊಳಿ ದಾಟಿ ಕಾಗಲ್‌ಗೆ ಹೋಗುವಾಗ ಬೋರ್ಡಿನ ಅಕ್ಷರ ಬದಲಾಗುತ್ತದೆ, ಭಜಿ ಕರಿಯುವ ಬಾಯಿಯ ಮಾತು ಮಾತ್ರ ಎರಡೂ ಕಡೆ ಎರಡೂ ಭಾಷೆಯಲ್ಲಿ ಓಡುತ್ತಿರುತ್ತದೆ, ಅಲ್ವಾ? ಟೋರ್ನಿಯೋದ ಕಥೆಯೂ ಹೀಗೇ ನದಿ, ಗಡಿ, ಮಾತು ಮೂರರ ಸುತ್ತ ಇದೆ.

ನದಿ ಸಮುದ್ರ ಸೇರುವ ಜಾಗದಲ್ಲಿ 1621ರಲ್ಲಿ ಸ್ವೀಡನ್ ರಾಜ ಈ ಪೇಟೆ ಕಟ್ಟಿಸಿದ. ಆಗ ಫಿನ್‌ಲೆಂಡ್ ಸ್ವೀಡನ್ನಿನದೇ ಭಾಗ. ಸಾಲ್ಮನ್ ಮೀನು, ತುಪ್ಪಳದ ಚರ್ಮ ಇವೇ ವ್ಯಾಪಾರ. 1686ರ ಮರದ ಚರ್ಚು ಇಂದಿಗೂ ನಿಂತಿದೆ. 1736ರಲ್ಲಿ ಫ್ರಾನ್ಸಿನಿಂದ ಮೊಪೆರ್ಟುಯಿ ಎಂಬ ವಿಜ್ಞಾನಿಯ ತಂಡ ಭೂಮಿಯ ಆಕಾರ ತಿಳಿಯಲು ಇಲ್ಲಿಗೆ ಬಂತು. ಚರ್ಚಿನ ಗೋಪುರವನ್ನೇ ಅಳತೆಯ ಒಂದು ತುದಿ ಮಾಡಿಕೊಂಡರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ಕೋಲು ಸಾಲಾಗಿಟ್ಟು ಅಳೆದರು. ಭೂಮಿ ಧ್ರುವದ ಕಡೆ ಚಪ್ಪಟೆ ಎನ್ನುವುದಕ್ಕೆ ಆ ಅಳತೆ ದೊಡ್ಡ ಪುರಾವೆಯಾಯಿತು.

1809ರಲ್ಲಿ ಯುದ್ಧ ಸೋತ ಸ್ವೀಡನ್ ಫಿನ್‌ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು. ಗಡಿ ಅಂತ ಟೋರ್ನಿಯೋ ನದಿಯನ್ನೇ ಹಿಡಿದರು. ಆದರೆ ಊರು ನದಿಯ ದ್ವೀಪದ ಮೇಲಿತ್ತು, ಮುಖ್ಯ ಹರಿವಿನ ಪಶ್ಚಿಮಕ್ಕೆ, ಅಂದರೆ ಸ್ವೀಡನ್ ಕಡೆಗೆ. ರಷ್ಯಾಕ್ಕೆ ಪೇಟೆ ಬೇಕೇ ಬೇಕಿತ್ತು. ಹಾಗಾಗಿ ಗೆರೆಯನ್ನು ಊರಿನ ಹತ್ತಿರ ಮಾತ್ರ ಪಶ್ಚಿಮಕ್ಕೆ ಸರಿಸಿದರು. ಪೇಟೆ ಕಳೆದುಕೊಂಡ ಸ್ವೀಡನ್ ಎದುರುಗಡೆ ಹಾಪರಾಂಡಾ ಎಂಬ ಹೊಸ ಊರು ಬೆಳೆಸಿತು. ಆ ಹೆಸರೂ ಫಿನ್ನಿಶ್ ಮಾತಿನಿಂದಲೇ ಬಂದದ್ದು. ನದಿಯುದ್ದಕ್ಕೂ ಹಳ್ಳಿಗಳೂ ಹೀಗೇ ಎರಡಾದವು. ಕುಕ್ಕೊಲಾ ಆ ದಂಡೆಗೂ ಇದೆ, ಈ ದಂಡೆಗೂ ಇದೆ. ಪೆಲ್ಲೋ ಕೂಡ ಹಾಗೇ.

ನನಗೆ ಹೊಟ್ಟೆ ಉರಿಯುವುದು ಮುಂದಿನ ಕಥೆಗೆ. ಸ್ವೀಡನ್ ಪಾಲಿಗೆ ಹೋದ ಫಿನ್ನಿಶ್ ಮಾತಿನ ಮನೆಗಳ ಮಕ್ಕಳಿಗೆ 1880ರ ದಶಕದ ಕೊನೆಯಿಂದ ಶಾಲೆಯಲ್ಲಿ ಸ್ವೀಡಿಷ್ ಮಾತ್ರ. ಆಟದ ಬಿಡುವಿನಲ್ಲೂ ತಾಯಿಮಾತು ಬಾಯಿಂದ ಬರಬಾರದು. 1957ರ ತನಕ ಹೀಗೇ ನಡೆಯಿತು. ಏಟು ತಿಂದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳ ಜೊತೆ ಆ ಮಾತಾಡುವುದನ್ನೇ ಬಿಟ್ಟರು. ಉಳಿಸಿಕೊಂಡವರು ಅದಕ್ಕೆ ಮೆಯಾನ್‌ಕಿಯೆಲಿ ಎಂದರು. ಮೆಯಾನ್ ಅಂದರೆ ನಮ್ಮ, ಕಿಯೆಲಿ ಅಂದರೆ ನಾಲಿಗೆಯೂ ಹೌದು, ಭಾಷೆಯೂ ಹೌದು. 2000ದಲ್ಲಿ ಸ್ವೀಡನ್ ಇದನ್ನು ಅಲ್ಪಸಂಖ್ಯಾತರ ಭಾಷೆ ಎಂದು ಒಪ್ಪಿಕೊಂಡಿತು. ಬಹಳ ತಡವಾಯಿತು ಅಂತಲೇ ನನ್ನ ಅನಿಸಿಕೆ.

ಈಗ ಟೋರ್ನಿಯೋದಿಂದ ಹಾಪರಾಂಡಾಗೆ ನಡೆದೇ ಹೋಗಬಹುದು. ಯೂರೋ ಹೋಗಿ ಕ್ರೋನಾ ಬರುತ್ತದೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ. ಅಲ್ಲಿನ ಗಾಲ್ಫ್ ಮೈದಾನ ಎರಡೂ ದೇಶದಲ್ಲಿ ಹರಡಿಕೊಂಡಿದೆ, ಹೊಸ ವರ್ಷ ಎರಡು ಸಲ ಬರುತ್ತದೆ.

ಬೇಸಿಗೆಯಲ್ಲಿ ಹುಡುಗನಿಗೆ ಕುಕ್ಕೊಲಾ ನೋಡಿ ಬಾ ಅನ್ನಿ. ನೊರೆಯೇಳುವ ಹೊಳೆಯ ಮೇಲೆ ಮರದ ಅಟ್ಟಣಿಗೆ ಕಟ್ಟಿರುತ್ತಾರೆ. ಉದ್ದ ಕೋಲಿನ ತುದಿಗೆ ಬಲೆ ಕಟ್ಟಿ, ಹರಿವಿನ ಜೊತೆಗೇ ನೀರಿಗಿಳಿಸಿ ಸೀಕಾ ಮೀನು ಎತ್ತುತ್ತಾರೆ. ಉಪ್ಪು ಸವರಿ, ಕಡ್ಡಿಗೆ ಚುಚ್ಚಿ ಕೆಂಡದ ಪಕ್ಕ ಸುಡುತ್ತಾರೆ. ಎರಡೂ ದಂಡೆಯ ಜನರ ಪದ್ಧತಿ ಒಂದೇ. ಆಮೇಲೆ ಆಚೆ ದಂಡೆಯ ಕುಕ್ಕೊಲಾಗೂ ಹೋಗಿ, ಅಲ್ಲಿನ ಅಜ್ಜಿಯರ ಮಾತು ಕೇಳಿಸಿಕೊಂಡು ಬರಲಿ. ಏನು ಕೇಳಿದ ಅಂತ ನಮಗೂ ಬರೆಯಿರಿ.