ಸರ್ಪಸುತ್ತಿನ ಲಸಿಕೆಯಿಂದ ಮರೆವಿನ ಕಾಯಿಲೆಯೂ ಕಡಿಮೆಯಾಗುತ್ತಾ?

ಆಗುವ ಸಾಧ್ಯತೆ ಸಾಕಷ್ಟಿದೆ. ಲಸಿಕೆ ಹಾಕಿಸಿಕೊಂಡವರಲ್ಲಿ ಮುಂದಿನ 7 ವರ್ಷಗಳಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಸುಮಾರು 20% ಕಡಿಮೆ ಎಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಹೆಂಗಸರಲ್ಲಿ ಲಾಭ ಜಾಸ್ತಿ ಕಂಡಿತು.

ಲಸಿಕೆ ಹಾಕಿಸಿಕೊಳ್ಳುವವರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು, ಅದಕ್ಕೇ ಹೀಗಿರಬಹುದು ಅಲ್ವಾ? ಸಾಮಾನ್ಯವಾಗಿ ಈ ಅನುಮಾನ ಸರಿಯೇ. ಆದರೆ ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಒಂದು ವಿಚಿತ್ರ ನಿಯಮ ಬಂತು. 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಸಿಗುತ್ತಿತ್ತು, ಅದಕ್ಕಿಂತ ಒಂದೇ ದಿನ ಮೊದಲು ಹುಟ್ಟಿದ್ದರೂ ಇಲ್ಲ. ಒಂದೆರಡು ವಾರ ಹಿಂದೆ ಮುಂದೆ ಹುಟ್ಟಿದವರ ನಡುವೆ ಬೇರೇನು ವ್ಯತ್ಯಾಸ ಇರುತ್ತದೆ? ಹಾಗಾಗಿ ಈ ಅಧ್ಯಯನ ಮಾಡಿದ ಈ ಎರಡು ಗುಂಪುಗಳ ಹೋಲಿಕೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನನಗಂತೂ ಇಡೀ ಸಂಶೋಧನೆಯಲ್ಲಿ ಬಹಳ ಹಿಡಿಸಿದ್ದು ಇದೇ.

ಕಾರಣ ಏನಿರಬಹುದು? ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಂತೆ ಮತ್ತೆ ಏಳುತ್ತದೆ. ಅದೇ ಸರ್ಪಸುತ್ತು. ಹೀಗೆ ಎದ್ದಾಗಲೆಲ್ಲ ನರಗಳಲ್ಲಿ ಉರಿಯೂತ ಆಗುತ್ತದೆ, ಅದು ಮೆದುಳಿಗೂ ಹಾನಿ ಮಾಡುತ್ತಿರಬಹುದು ಎಂಬುದು ಮುಖ್ಯ ಊಹೆ. ಲಸಿಕೆ ಒಟ್ಟು ರೋಗನಿರೋಧಕ ಶಕ್ತಿಯನ್ನೇ ಚುರುಕು ಮಾಡುತ್ತದೆ ಎನ್ನುವವರೂ ಇದ್ದಾರೆ.

ವೇಲ್ಸ್‌ನಲ್ಲಿ ಕೊಟ್ಟಿದ್ದು ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಹಳೆಯ ಲಸಿಕೆ. ನಮ್ಮಲ್ಲಿ ಈಗ 50 ದಾಟಿದವರಿಗೆ ಸಿಗುವ ಶಿಂಗ್ರಿಕ್ಸ್ ಎಂಬ ಸರ್ಪಸುತ್ತಿನ ಲಸಿಕೆ ಬೇರೆ ಬಗೆಯದು. ಅದರಲ್ಲಿ ಜೀವಂತ ವೈರಸ್ ಇಲ್ಲ.